ಪಕ್ಕದ ಸೀಟಿನ ಲೈಸೆನ್ಸು

ನನ್ನ ಮೊದಲ ಎಲ್‌ಎಲ್ ಕೈಗೆ ಬಂದ ದಿನ ಅಮ್ಮ ಅದನ್ನು ದೇವರ ಮುಂದಿಟ್ಟು, ಅರಿಶಿನ ಕುಂಕುಮ ಹಚ್ಚಿ ಕೈ ಮುಗಿದಳು. ಮಗಳು ಕಾರು ಕಲಿಯುತ್ತಾಳೆ ಎನ್ನುವ ಸಂತೋಷಕ್ಕಲ್ಲ. ಗಂಡನ ಗಾಡಿ ಯಾರ ಮೇಲೂ ಹತ್ತದಿರಲಿ ಎಂದು. ಕಲಿಯುವವರಿಗೆ ಆರು ತಿಂಗಳಿಗೆಂದು ಕೊಡುವ ಆ ಚೀಟಿಯನ್ನು ಅವಳು ಹರಕೆ ತೀರಿಸಿದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ಅಪ್ಪನಿಗೆ ಕಣ್ಣು ಹೋಗುತ್ತಿತ್ತು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಹೋದದ್ದು ವಾಪಸ್ ಬರುವುದಿಲ್ಲ, ಇರುವುದನ್ನು ಸ್ವಲ್ಪ ದಿನ ಹಿಡಿದು ನಿಲ್ಲಿಸಬಹುದು ಅಷ್ಟೇ ಎಂದು ಕಣ್ಣಾಸ್ಪತ್ರೆಯಲ್ಲಿ ಅಮ್ಮನನ್ನೂ ನನ್ನನ್ನೂ ಪಕ್ಕಕ್ಕೆ ಕರೆದು ಹೇಳಿದ್ದರು. ಅಪ್ಪನಿಗೂ ಹೇಳಿದ್ದರು. ಆದರೆ ಅವನು ಹೊರಗೆ ಬಂದವನೇ, "ಸ್ವಲ್ಪ ಮಂಜು ಕಟ್ಟಿದೆಯಂತೆ, ಡ್ರಾಪ್ಸ್ ಹಾಕಿದ್ರೆ ಹೋಗುತ್ತಂತೆ" ಅಂದ. ನಾವಿಬ್ಬರೂ ಹೌದು ಎಂದು ತಲೆ ಅಲ್ಲಾಡಿಸಿದೆವು. ನಮ್ಮ ಮನೆಯಲ್ಲಿ ಅಪ್ಪನಿಗೆ ಇಲ್ಲ ಅನ್ನುವುದನ್ನು ಯಾರೂ ಕಲಿತಿರಲಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ. ಶಿವಾಜಿನಗರದ ಆಫೀಸಿನಲ್ಲಿ ನನ್ನ ಟೈಪ್‌ರೈಟರಿನ ಹತ್ತಿರ ಸುಳಿಯಲು ಗಂಡಸರೇ ಹೆದರುತ್ತಿದ್ದರು. ಅಪ್ಪನ ಮುಂದೆ ಮಾತ್ರ ನನ್ನ ನಾಲಿಗೆ ಬಿದ್ದುಹೋಗುತ್ತಿತ್ತು.

ಬೈಯಪ್ಪನಹಳ್ಳಿಯ ಆಚೆ ನಮ್ಮದು ಸೊಪ್ಪು, ಹೂವು ಬೆಳೆಯುತ್ತಿದ್ದ ಮನೆತನ. ಹೊಲ ಬಡಾವಣೆಗೆ ಹೋಯಿತು. ಬಂದ ದುಡ್ಡಿನಲ್ಲಿ ಅಪ್ಪ ಬಾಡಿಗೆಗೆ ಸಾಲುಮನೆ ಕಟ್ಟಿಸಿದ, ಉಳಿದದ್ದರಲ್ಲಿ ಒಂದು ಬಿಳಿ ಅಂಬಾಸಿಡರ್ ತಂದ. ಊರಿಗೇ ಮೊದಲ ಕಾರು. ಅಲ್ಲಿಂದ ಒಂದು ಪದ್ಧತಿ ಬೆಳೆಯಿತು. ನಮ್ಮ ಕಡೆ ಯಾರ ಮನೆಯಲ್ಲೇ ಮದುವೆಯಾಗಲಿ, ಧಾರೆ ಮುಗಿದ ಮೇಲೆ ಗಂಡುಹೆಣ್ಣನ್ನು ಛತ್ರದಿಂದ ಕರೆದುಕೊಂಡು ಹೋಗುವುದು ಅಪ್ಪನ ಗಾಡಿಯಲ್ಲಿ, ಓಡಿಸುವುದು ಅಪ್ಪನೇ. ಲಗ್ನಪತ್ರಿಕೆ ಕೊಡಲು ಬರುವವರು ಅವನಿಗೆಂದು ಬೇರೆ ಎಲೆ ಅಡಿಕೆ ತರುತ್ತಿದ್ದರು. ಅವನು ಕೂರಿಸಿಕೊಂಡು ಹೋದ ಹೆಣ್ಣುಮಕ್ಕಳು ಒಬ್ಬರೂ ತವರಿಗೆ ಅಳುತ್ತಾ ಬಂದಿಲ್ಲ ಎಂದು ಹೆಂಗಸರು ಹೇಳುತ್ತಿದ್ದರು. ಅದೆಷ್ಟು ನಿಜವೋ, ಅಪ್ಪ ಅಂತೂ ಪೂರ್ತಿ ನಂಬಿದ್ದ. ನೇಗಿಲು ಬಿಟ್ಟ ಕೈಗೆ ಸ್ಟೇರಿಂಗ್ ಸಿಕ್ಕಿತ್ತು. ಅದೂ ಹೋದರೆ ಅವನು ಸಾಲುಮನೆಯ ಮುಂದೆ ಕಲ್ಲು ಚಪ್ಪಡಿಯ ಮೇಲೆ ಕೂತು, ನಲ್ಲಿ ನೀರಿಗೆ ಜಗಳವಾಡುವ ಬಾಡಿಗೆಯವರನ್ನು ಗದರಿಸುವ ಮುದುಕ, ಅಷ್ಟೇ.

ಜೀವನ್ ಬಿಮಾ ನಗರದಲ್ಲಿ ನೆಂಟರ ಮನೆಗೆ ಹೋಗಿ ವಾಪಸ್ ಬರುವಾಗ ಅದು ಆಯಿತು. ನಾನು ಅಪ್ಪನ ಪಕ್ಕದಲ್ಲಿ ಕೂತಿದ್ದೆ. ಮುಂದೆ ಒಬ್ಬ ಹಾಲಿನವನು ಸೈಕಲ್ಲಿನ ಎರಡೂ ಕಡೆ ಕ್ಯಾನು ಕಟ್ಟಿಕೊಂಡು ಹೋಗುತ್ತಿದ್ದ. ಅವನನ್ನು ನಾನು ಬಹಳ ಹೊತ್ತಿನಿಂದ ನೋಡುತ್ತಿದ್ದೆ. ಅಪ್ಪನೂ ನೋಡುತ್ತಿದ್ದಾನೆ ಅಂದುಕೊಂಡೆ. ಗಾಡಿ ಒಂದಿಷ್ಟೂ ನಿಧಾನವಾಗಲಿಲ್ಲ. "ಅಪ್ಪಾ!" ಎಂದು ಕಿರುಚಿದಾಗ ಬ್ರೇಕು ಬಿತ್ತು, ಅಷ್ಟರಲ್ಲಿ ಸೈಕಲ್ಲು ಮಗುಚಿ ಹಾಲೆಲ್ಲ ಚರಂಡಿಗೆ ಹರಿಯಿತು. ದೇವರ ದಯೆ, ಹಾಲಿನವನಿಗೆ ಮಂಡಿ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಅಪ್ಪ ಇಳಿದು ಅವನ ಮೇಲೇ ಎಗರಿದ. "ಎಲ್ಲಿಂದ ಬಂದ್ಬಿಟ್ಟೆಯಯ್ಯಾ ನೀನು?"

ಆ ಮನುಷ್ಯ ಮಂಡಿ ಹಿಡಿದುಕೊಂಡು, "ಎಲ್ಲಿಂದ್ಲೂ ಬರ್ಲಿಲ್ಲ ಸಾರ್. ನಿಮ್ ಮುಂದೇನೇ ಇದ್ದೆ" ಅಂದ.

ಮಾರನೇ ದಿನ ಅಮ್ಮ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದುಕೊಂಡಳು. "ಓಡಿಸ್ಬೇಡ ಅಂದ್ರೆ ನಿಮ್ಮಪ್ಪ ಕೇಳಲ್ಲ. ನೀನು ಕಲೀತೀನಿ ಅನ್ನು. ಕಲಿಸು ಅಂತ ಅಡ್ಡ ಬೀಳು. ಅದಕ್ಕೆ ಇಲ್ಲ ಅನ್ನಲ್ಲ."

ಹಾಗೆ ಶುರುವಾಯಿತು. ಅಪ್ಪ ನಿಜಕ್ಕೂ ಇಲ್ಲ ಅನ್ನಲಿಲ್ಲ, ಹಿಗ್ಗಿಹೋದ. ಎಲ್‌ಎಲ್ ಕೊಡುವ ಮೊದಲು ಆರ್‌ಟಿಓ ಕಚೇರಿಯಲ್ಲಿ ಒಬ್ಬರು ರಸ್ತೆ ಚಿಹ್ನೆಗಳ ಹಲಗೆ ತೋರಿಸಿ, ಇದೇನು, ಅದೇನು ಎಂದು ಕೇಳಿದರು. ಒಂದಕ್ಕೆ 'ಇಲ್ಲಿ ಹಾರ್ನ್ ಹಾಕಬಾರದು' ಅಂದೆ. ಬೆಂಗಳೂರಲ್ಲಿ ಆ ಚಿಹ್ನೆಯ ಅರ್ಥ ತಿಳಿದುಕೊಂಡವಳು ನಾನೊಬ್ಬಳೇ ಇರಬೇಕು. ಗಾಡಿಯ ಹಿಂದೆ ಮುಂದೆ ಕೆಂಪು ಬಣ್ಣದಲ್ಲಿ ಎಲ್ ಎಂದು ಬರೆದ ಹಾಳೆ ಅಂಟಿಸಿದೆವು. ಎಲ್‌ಎಲ್ ಇರುವವರು ಒಬ್ಬರೇ ಓಡಿಸುವ ಹಾಗಿಲ್ಲ, ಪೂರ್ತಿ ಲೈಸೆನ್ಸ್ ಇರುವ ಯಾರಾದರೂ ಪಕ್ಕದಲ್ಲಿ ಕೂರಬೇಕು. ಅಪ್ಪನ ಹತ್ತಿರ ಲೈಸೆನ್ಸು ಇತ್ತು. ಕಣ್ಣಿನ ವಿಚಾರ ಯಾರೂ ಕೇಳಲಿಲ್ಲ.

ಭಾನುವಾರ ಬೆಳಗ್ಗೆ ಇಂದಿರಾನಗರದ ನೂರಡಿ ರಸ್ತೆ ಆಗ ಖಾಲಿ ಇರುತ್ತಿತ್ತು ಎಂದರೆ ಈಗಿನವರು ನಗುತ್ತಾರೆ. ಅಲ್ಲೇ ಕಲಿತೆ. ಅಂಬಾಸಿಡರಿನ ಗೇರು ಸ್ಟೇರಿಂಗಿನ ಕೆಳಗೇ ಇರುತ್ತಿತ್ತು, ಅದನ್ನು ಎಳೆದರೆ ಅಟ್ಟದ ಮೇಲಿಂದ ಪಾತ್ರೆ ಬಿದ್ದಂಥ ಸದ್ದು. "ಕ್ಲಚ್ ನಿಧಾನಕ್ಕೆ ಬಿಡಮ್ಮ, ಹಸುಗೆ ಒದೀತಿದ್ದೀಯಾ?" ಎಂದು ಅಪ್ಪ ಬೈಯುತ್ತಿದ್ದ. ಬೈಗುಳದಲ್ಲಿ ಹಳೆಯ ಠೀವಿ ಇತ್ತು. ಅವನು ರಸ್ತೆ ನೋಡಿ ಕಲಿಸುತ್ತಿರಲಿಲ್ಲ, ಕಿವಿಯಲ್ಲಿ ಕಲಿಸುತ್ತಿದ್ದ. ಎಂಜಿನ್ ಸ್ವಲ್ಪ ಗೊಣಗಿದರೆ ಸಾಕು, "ಗೇರ್ ಇಳಿಸು" ಅನ್ನುತ್ತಿದ್ದ. ಸ್ವಲ್ಪ ದಿನವಾದ ಮೇಲೆ, "ಮುಂದೆ ಏನೈತೆ ಹೇಳು" ಎಂದು ಕೇಳತೊಡಗಿದ. ನಾನು ಸರಿಯಾಗಿ ನೋಡುತ್ತಿದ್ದೇನೋ ಇಲ್ಲವೋ ಎಂದು ಪರೀಕ್ಷೆಯಂತೆ. ನಾನು ಹೇಳುತ್ತಾ ಹೋಗುತ್ತಿದ್ದೆ.

"ಎಡಗಡೆ ಆಟೋ ಅಪ್ಪ. ಮುಂದೆ ಬಸ್ಸು, ನಿಂತೈತೆ. ಒಂದು ಹಸು."

"ಹಾಂ, ಅದೇ ನಾನೂ ನೋಡ್ತಿದ್ದೆ. ಎರಡಕ್ಕೆ ಹಾಕ್ಕೊಂಡು ಬಲಕ್ಕೆ ತಗೋ."

ಹೀಗೆ ಹಲಸೂರು ಕೆರೆ ಸುತ್ತಿ ಬರುತ್ತಿದ್ದೆವು. ಕೆರೆಯ ನೀರು ಹಸಿರಾಗಿದೆಯೋ ತಿಳಿಯಾಗಿದೆಯೋ ಎಂದೂ ಕೇಳುತ್ತಿದ್ದ. ಅದೂ ಪರೀಕ್ಷೆಯೇ ಎನ್ನುವಂತೆ ನಾನು ಉತ್ತರ ಹೇಳುತ್ತಿದ್ದೆ. ಆದರೂ ಆ ಬೆಳಗ್ಗೆಗಳು ಬೇಡವಾಗಿದ್ದವು ಎಂದು ಹೇಳಲಾರೆ.

ಕಷ್ಟ ಏನೆಂದರೆ ನಾನು ಬೇಗ ಕಲಿತುಬಿಟ್ಟೆ. ಕಲಿಯುವವಳ ಕೈಗೆ ಸ್ಟೇರಿಂಗ್ ಕೊಡುತ್ತಾರೆ. ಕಲಿತು ಮುಗಿಸಿದವಳ ಕೈಯಿಂದ ತೆಗೆದುಕೊಳ್ಳುತ್ತಾರೆ. "ನಿಂದು ಟೆಸ್ಟ್ ಒಂದು ಆಗ್ಲಿ. ಆಮೇಲೆ ನನ್ನ ಗಾಡಿ ನನಗೆ ಬಿಟ್ಬಿಡು, ಕೈ ತುರಿಸ್ತೈತೆ" ಎಂದು ಅಪ್ಪ ಹೇಳಿದ ದಿನ ನಾನು ತೀರ್ಮಾನ ಮಾಡಿದೆ. ಟೆಸ್ಟಿನ ದಿನ ಇನ್‌ಸ್ಪೆಕ್ಟರ್ ಪಕ್ಕದಲ್ಲಿ ಕೂತು ಮುಂದೆ ನಡಿ ಎಂದ ಕೂಡಲೇ ಕ್ಲಚ್ಚಿನಿಂದ ಕಾಲು ತೆಗೆದುಬಿಟ್ಟೆ. ಗಾಡಿ ಒಂದು ಸಲ ಎಗರಿ ಆಫ್ ಆಯಿತು. ಮತ್ತೆ ಶುರು ಮಾಡಿ ಮತ್ತೆ ಹಾಗೇ ಮಾಡಿದೆ. "ಹೋಗಮ್ಮ, ಇನ್ನೂ ಕಲ್ತುಕೊಂಡು ಬಾ" ಎಂದು ಅವರು ಇಳಿದು ಹೋದರು. ಅಪ್ಪ ಅಷ್ಟು ದೂರದಲ್ಲಿ ಬೇಲಿಯ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದ. ಮನೆವರೆಗೂ ಇನ್‌ಸ್ಪೆಕ್ಟರನ್ನು ಬೈದುಕೊಂಡು ಬಂದ.

ಆರು ತಿಂಗಳ ಅವಧಿ ಮುಗಿಯಿತು. ಹೊಸ ಎಲ್‌ಎಲ್ ಮಾಡಿಸಿದೆ. ಮತ್ತೆ ಟೆಸ್ಟು, ಮತ್ತೆ ಫೇಲು. ಆಫೀಸಿನಲ್ಲಿ ನಗೆಪಾಟಲಾದೆ. "ಏನ್ ಗುರು, ಇನ್ನೂ ಎಲ್ ಬೋರ್ಡಾ?" ಎಂದು ಜೊತೆಯವರು ರೇಗಿಸುವಾಗ ಹಲ್ಲು ಕಚ್ಚಿಕೊಂಡು ಕೀಲಿಗಳನ್ನು ಕುಟ್ಟುತ್ತಿದ್ದೆ. ಅಮ್ಮ ಮಾತ್ರ ನಾನು ಫೇಲಾಗಿ ಬಂದ ದಿನ ಪಾಯಸ ಮಾಡುತ್ತಿದ್ದಳು. ಅಪ್ಪನಿಗೆ ಒಂದು ಚಮಚ ಮಾತ್ರ, ಸಕ್ಕರೆ ಕಾಯಿಲೆಯಲ್ಲವೇ.

ಹೀಗೇ ಎಷ್ಟು ದಿನ ತಳ್ಳಬಹುದಿತ್ತೋ. ಅಷ್ಟರಲ್ಲಿ ಎರಡು ಒಟ್ಟಿಗೆ ಬಂದವು. ಚಿಕ್ಕಪ್ಪ ತನ್ನ ಮಗಳ ಲಗ್ನಪತ್ರಿಕೆ ಹಿಡಿದು ಬಂದ, ಅಪ್ಪನಿಗೆಂದು ಬೇರೆ ಎಲೆ ಅಡಿಕೆ ಇಟ್ಟು, "ಅಣ್ಣಾ, ಮಗೂನ ನೀನೇ ಕರ್ಕೊಂಡು ಹೋಗ್ಬೇಕು" ಅಂದ. ಅಪ್ಪ ಎಲೆ ಅಡಿಕೆ ಎತ್ತಿಕೊಂಡ. ಎತ್ತಿಕೊಂಡ ಮೇಲೆ ಮುಗಿಯಿತು, ಅದನ್ನು ವಾಪಸ್ ಇಡುವ ಪದ್ಧತಿ ನಮ್ಮಲ್ಲಿಲ್ಲ. ಅದೇ ತಿಂಗಳು ಅವನ ಲೈಸೆನ್ಸೂ ಮುಗಿಯುವುದರಲ್ಲಿತ್ತು. ವಯಸ್ಸಾದವರು ಐದು ವರ್ಷಕ್ಕೊಮ್ಮೆ ಅದನ್ನು ಹೊಸದು ಮಾಡಿಸಬೇಕು, ಜೊತೆಗೆ ಕಣ್ಣು ಸರಿಯಿದೆ ಎಂದು ಡಾಕ್ಟರು ಬರೆದುಕೊಡಬೇಕು.

ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಸಂತೋಷವಾಯಿತು. ನಾವು ಹೇಳಲಾಗದ್ದನ್ನು ಸರ್ಕಾರ ಹೇಳುತ್ತದೆ. ಕೋಟು ಹಾಕಿಕೊಂಡ ಯಾರೋ ಒಬ್ಬರು, ಮನೆಯವರಲ್ಲದವರು, ಅಪ್ಪನನ್ನು ಕೂರಿಸಿ ಮೆತ್ತಗೆ ಹೇಳುತ್ತಾರೆ, ಯಜಮಾನ್ರೇ ಇನ್ನು ಸಾಕು ಅಂತ. ಅಪ್ಪ ಬೈದುಕೊಂಡರೆ ಅವರನ್ನು ಬೈದುಕೊಳ್ಳಲಿ.

ಅಪ್ಪ ಸುಮ್ಮನೆ ಕೂರುವ ಆಸಾಮಿಯಲ್ಲ. ಹಲಸೂರಿನ ಕನ್ನಡಕದಂಗಡಿಗೆ ಕರೆದುಕೊಂಡು ಹೋಗು ಅಂದ. ಅಲ್ಲಿ ಗೋಡೆಯ ಮೇಲೆ ಕಣ್ಣು ಪರೀಕ್ಷೆಯ ಹಲಗೆ ಇತ್ತಲ್ಲ, ಮೇಲೆ ದಪ್ಪ ಅಕ್ಷರ, ಕೆಳಗೆ ಹೋದ ಹಾಗೆ ಸಣ್ಣದು. ಅಂಗಡಿಯವನು ಒಳಗೆ ಹೋದಾಗ ಅಪ್ಪ ನನ್ನ ಕಡೆ ಬಾಗಿ, "ಮೇಲಿಂದ ಏನೇನೈತೆ ಓದು, ನಿನ್ನ ಕಣ್ಣು ಹೆಂಗೈತೆ ನೋಡಣ" ಅಂದ. ಅವನು ಏನು ಮಾಡುತ್ತಿದ್ದಾನೆಂದು ನನಗೆ ಗೊತ್ತಾಯಿತು. ಆದರೂ ಓದಿದೆ. ಕೊನೆಯ ಸಾಲಿನವರೆಗೂ ಓದಿದೆ. ಅವನು ತುಟಿ ಅಲ್ಲಾಡಿಸುತ್ತಾ ಕೇಳಿಸಿಕೊಂಡ. ಆ ವಾರ ಪೂರ್ತಿ ಬಚ್ಚಲುಮನೆಯಿಂದ ನೀರಿನ ಸದ್ದಿನ ಜೊತೆಗೆ ಅಪ್ಪನ ದನಿ ಬರುತ್ತಿತ್ತು, ಒಂದನೇ ಕ್ಲಾಸಿನ ಮಗುವಿನ ಹಾಗೆ, "ಗ ಪ, ಟ ರ ನ, ವ ಲ ಮ ಸ" ಎಂದು. ಅಮ್ಮ ಒಲೆಯ ಮುಂದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು.

ಯಾವ ಕಚೇರಿ ಎಂದು ಬರೆಯುವುದಿಲ್ಲ. ಅದರ ಗೇಟಿನ ಹೊರಗೆ, ಜೆರಾಕ್ಸ್ ಅಂಗಡಿಯ ಪಕ್ಕದಲ್ಲಿ, ಒಂದು ಮೇಜು ಹಾಕಿಕೊಂಡು ಡಾಕ್ಟರು ಕೂತಿದ್ದರು. ಕೋಟಿರಲಿಲ್ಲ. ಗೋಡೆಯ ಮೇಲೆ ಹಲಗೆಯೂ ಇರಲಿಲ್ಲ. ನಾನು ಮೊಣಕೈ ಹಿಡಿದು ಅಪ್ಪನನ್ನು ಅಲ್ಲಿಗೆ ಕರೆತಂದು ನಿಲ್ಲಿಸಿದೆ. ಅವರು ತಲೆ ಎತ್ತಲಿಲ್ಲ. ಹೆಸರು ಕೇಳಿದರು, ವಯಸ್ಸು ಕೇಳಿದರು, ಠಸ್ಸೆ ಒತ್ತಿದರು.

"ಡಾಕ್ಟ್ರೇ, ಕಣ್ಣು ನೋಡಲ್ವಾ?" ಅಪ್ಪನ ದನಿಯಲ್ಲಿ ನಿಜವಾದ ಬೇಸರವಿತ್ತು. ಅಷ್ಟು ಉರು ಹೊಡೆದದ್ದು ದಂಡವಾಗಿತ್ತು.

"ನೋಡಿ ಏನ್ ಮಾಡೋದು ಯಜಮಾನ್ರೇ? ನಡ್ಕೊಂಡು ಬಂದ್ರಲ್ಲ, ಕಾಣಿಸ್ತೈತೆ ಬಿಡಿ."

ಅಪ್ಪನನ್ನು ಕಾಗದಪತ್ರ ಮಾಡಿಸಿಕೊಡುವ ಬ್ರೋಕರ್ ಒಬ್ಬನ ಜೊತೆ ಒಳಗೆ ಸಹಿ ಹಾಕಲು ಕಳಿಸಿ ನಾನು ಆ ಮೇಜಿಗೆ ವಾಪಸ್ ಹೋದೆ. "ರೀ ಡಾಕ್ಟ್ರೇ, ಈಗ ಬಂದಿದ್ರಲ್ಲ, ಅವರಿಗೆ ಕಣ್ಣೇ ಕಾಣಲ್ಲ. ಏನಂತ ಬರ್ಕೊಟ್ರಿ ನೀವು?" ಎಂದೆ. ಅವರು ಆಗ ತಲೆ ಎತ್ತಿದರು. ಕೆಟ್ಟವರ ಮುಖವಾಗಿರಲಿಲ್ಲ, ದಣಿದಿತ್ತು. "ಹಂಗಾದ್ರೆ ಗಾಡಿ ಓಡಿಸಕ್ಕೆ ಬಿಡ್ಬೇಡಿ ಅಮ್ಮ. ಮನೆಯವ್ರು ನೀವು, ನೀವು ಹೇಳ್ಬೇಕು. ಇದು ಬರೀ ಪೇಪರ್ರು" ಅಂದರು. ನನ್ನ ಹಿಂದೆ ನಿಂತವನ ಹೆಸರು ಕೇಳಿದರು.

ಅಲ್ಲಿಗೆ ನನ್ನ ಆಸೆ ಮುಗಿಯಿತು. ನನಗೆ ಇನ್ನು ಯಾರೂ ಇರಲಿಲ್ಲ. ನಾವೇ ಹೇಳಬೇಕಿತ್ತು, ಅದೊಂದು ನಮ್ಮಿಂದ ಆಗುತ್ತಿರಲಿಲ್ಲ.

ಅಪ್ಪ ಹೊರಗೆ ಬಂದಾಗ ಬೇರೆಯೇ ಮನುಷ್ಯನಾಗಿದ್ದ. ಎದೆ ಎತ್ತಿಕೊಂಡು ನಡೆಯುತ್ತಿದ್ದ. "ನೋಡ್ದಾ? ಡಾಕ್ಟ್ರೇ ಒಪ್ಕೊಂಡವ್ರೆ. ನೀವು ತಾಯಿ ಮಗಳು ಸೇರ್ಕೊಂಡು ನನ್ನ ಕುರುಡ ಮಾಡಿದ್ರಿ" ಎಂದು ನಕ್ಕ. ನಂತರ ಕೈ ಚಾಚಿದ. "ಕೀ ಕೊಡು. ಮದುವೆಗೆ ಮುಂಚೆ ಸ್ವಲ್ಪ ಕೈ ಪಳಗಲಿ."

ಕೊಡುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಸುತ್ತ ಜನ. ಬ್ರೋಕರುಗಳು, ಟೆಸ್ಟಿಗೆಂದು ಎಂಟು ಹೊಡೆಯಲು ಬಂದ ಸ್ಕೂಟರಿನ ಹುಡುಗರು. ಅಪ್ಪನ ಮುಖದಲ್ಲಿ ಎಷ್ಟೋ ದಿನದ ಮೇಲೆ ಬಂದ ಆ ನಗು. ಕೀ ಅವನ ಅಂಗೈಯಲ್ಲಿಟ್ಟೆ. ಯಾಕೆ ಇಟ್ಟೆ ಎಂದು ಇವತ್ತಿಗೂ ನನಗೆ ಅರ್ಥವಾಗಿಲ್ಲ.

ಸರ್ಕಾರಿ ಕಚೇರಿಗಳ ಮುಂದೆ ಆಗ ಬಿಳಿ ಅಂಬಾಸಿಡರುಗಳೇ ಸಾಲಾಗಿ ನಿಂತಿರುತ್ತಿದ್ದವು, ಸಾಹೇಬರ ಗಾಡಿಗಳು. ನಮ್ಮದು ಅವುಗಳ ಕೊನೆಯಲ್ಲಿ, ಬೇವಿನ ಮರದ ಕೆಳಗಿತ್ತು. ಅಪ್ಪ ನನ್ನ ಕೈ ಬಿಡಿಸಿಕೊಂಡು ನೆಟ್ಟಗೆ ನಡೆದ. ಸಾಲಿನ ಮೊದಲ ಗಾಡಿಯ ಬಾಗಿಲು ತೆಗೆದು ಒಳಗೆ ಕೂತ. ನಮ್ಮ ಗಾಡಿಯ ಮೇಲೆ ಅಂಗೈಯಗಲ ಕೆಂಪು ಅಕ್ಷರವಿತ್ತು. ಇದರ ಮೇಲೆ ಇಲ್ಲ ಅನ್ನುವುದು ಅವನಿಗೆ ಕಾಣಲಿಲ್ಲ.

ನಾನು ಓಡಿದೆ. ಹತ್ತಿರ ಹೋಗುವಷ್ಟರಲ್ಲಿ ಅವನ ಕೈ ಸ್ಟೇರಿಂಗ್ ಮೇಲಿತ್ತು. ನಮ್ಮ ಸ್ಟೇರಿಂಗಿಗೆ ಅವನೇ ಕಪ್ಪು ದಾರ ಸುತ್ತಿದ್ದ. ಇದು ಬೋಳಾಗಿತ್ತು. ಬೆರಳುಗಳು ಆ ಚಕ್ರದ ಮೇಲೆ ಪೂರ್ತಿ ಒಂದು ಸುತ್ತು ಹೋದವು, ದಾರವನ್ನು ಹುಡುಕಿಕೊಂಡು. ಆಮೇಲೆ ನಿಂತವು. ಟೀ ಕುಡಿಯುತ್ತಿದ್ದ ಡ್ರೈವರ್ ಲೋಟ ಬಿಟ್ಟು ಓಡಿಬಂದು, "ಏಯ್ ಯಜಮಾನ್ರೇ, ಯಾರ್ ಗಾಡಿ ಹತ್ತಿದೀರಿ? ಕಣ್ ಕಾಣ್ಸಲ್ವಾ?" ಎಂದು ಕೂಗಿದ. ಬೆಂಗಳೂರಿನ ರಸ್ತೆಯಲ್ಲಿ ದಿನಕ್ಕೆ ನೂರು ಸಲ ಒಬ್ಬರಿಗೊಬ್ಬರು ಕೂಗುವ ಮಾತು ಅದು. ಯಾರೂ ಉತ್ತರ ಕೊಡುವುದಿಲ್ಲ.

ಅಪ್ಪ ಕೊಟ್ಟ. "ಇಲ್ಲಪ್ಪ, ಕಾಣ್ಸಲ್ಲ" ಅಂದ.

ಡ್ರೈವರ್ ಪೆಚ್ಚಾಗಿ ತಾನೇ ಕೈ ಹಿಡಿದು ಇಳಿಸಿದ. ನಮ್ಮ ಗಾಡಿಯ ಹತ್ತಿರ ಬಂದ ಮೇಲೆ ಅಪ್ಪ ಎಡಗಡೆಯ ಬಾಗಿಲು ಹುಡುಕಿಕೊಂಡು ಹತ್ತಿದ, ಕೀಯನ್ನು ಸೀಟಿನ ಮೇಲೆ ನನ್ನ ಕಡೆ ಸರಿಸಿದ. ಹಳೇ ಮದರಾಸು ರಸ್ತೆಯ ಉದ್ದಕ್ಕೂ ಗೇರ್ ಇಳಿಸು ಅನ್ನಲಿಲ್ಲ, ಮುಂದೆ ಏನಿದೆ ಎಂದು ಕೇಳಲಿಲ್ಲ. ಕೇಳದಿದ್ದರೂ ನಾನು ಹೇಳತೊಡಗಿದೆ, "ಲಾರಿ ಅಪ್ಪ, ಎಡಕ್ಕೆ ನಿಂತೈತೆ" ಎಂದು. "ನಿನಗೆ ಕಾಣ್ಸಿದ್ರೆ ಸಾಕು" ಅಂದ. ಬೈಯಪ್ಪನಹಳ್ಳಿಯ ರೈಲ್ವೆ ಗೇಟು ಹಾಕಿತ್ತು. ಎಂಜಿನ್ ಆರಿಸಿದೆ. ಆಗ ಬಾಯಿ ಬಿಟ್ಟ.

"ಮದುವೆಗೆ ಮುಂಚೆ ಟೆಸ್ಟ್ ಪಾಸ್ ಮಾಡ್ಕೊಂಡ್ಬಿಡು. ಎರಡು ಸಲ ಬೇಕೂಂತ ಫೇಲ್ ಆಗಿದ್ದು ಸಾಕು."

ನಾನು ಸ್ಟೇರಿಂಗ್ ಹಿಡಿದುಕೊಂಡು ಕೂತೆ.

"ಗಾಡಿ ತಾನಾಗೇ ಆಫ್ ಆಗೋ ಸದ್ದೇ ಬೇರೆ, ಆಫ್ ಮಾಡೋ ಸದ್ದೇ ಬೇರೆ ಕಣಮ್ಮ" ಅಂದ. ರೈಲು ಬಂತು, ಬಹಳ ಉದ್ದದ ಗೂಡ್ಸು. ಅದು ದಾಟಿ ಹೋಗುವವರೆಗೂ ನಾನು ಜೋರಾಗಿ ಅತ್ತೆ. ಅಪ್ಪ ಸಮಾಧಾನ ಮಾಡಲಿಲ್ಲ. ಅವನಿಗೇ ಸಮಾಧಾನ ಇರಲಿಲ್ಲ, ಎಲ್ಲಿಂದ ತರುತ್ತಾನೆ?

ಟೆಸ್ಟ್ ಪಾಸಾಯಿತು. ಇನ್‌ಸ್ಪೆಕ್ಟರ್ ಮೈದಾನ ಸುತ್ತಿಸಿ, ಹಿಂದಕ್ಕೆ ತೆಗೆಸಿ, ಇಷ್ಟು ಚೆನ್ನಾಗಿ ಓಡಿಸುತ್ತೀಯಲ್ಲ, ಹೋದ ಸಲ ಏನಾಗಿತ್ತು ನಿನಗೆ ಎಂದು ಕೇಳಿದರು. ನಾನು ಹುಷಾರಿರಲಿಲ್ಲ ಅಂದೆ. ಆ ಸಲ ಅಮ್ಮ ಪಾಯಸ ಮಾಡಲಿಲ್ಲ.

ಮದುವೆ ಕೆ.ಆರ್. ಪುರದ ಛತ್ರದಲ್ಲಿ. ಹೆಣ್ಣು ಒಪ್ಪಿಸುವ ಶಾಸ್ತ್ರ ಮುಗಿದು, ಮದುಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿದರು. ಗಾಡಿಗೆ ಸುತ್ತಿದ ಸೇವಂತಿಗೆಯ ವಾಸನೆ ತಲೆ ನೋಯಿಸುತ್ತಿತ್ತು. ನಾನು ಸ್ಟೇರಿಂಗ್ ಮುಂದೆ ಕೂತದ್ದನ್ನು ನೋಡಿ ಹೆಂಗಸರು ಗುಸುಗುಸು ಅಂದರು. ಚಿಕ್ಕಪ್ಪ ಮುಂದಿನ ಬಾಗಿಲು ತೆಗೆದು ಹಿಡಿದು, "ಅಣ್ಣಾ, ಬಾ, ಮಗಳ ಪಕ್ಕದಲ್ಲಿ ಕೂತ್ಕೊ" ಎಂದು ಕರೆದ. ಅಪ್ಪ ಬಿಳಿ ಪಂಚೆ ಉಟ್ಟು, ಪೇಟ ಕಟ್ಟಿಕೊಂಡು ಗುಂಪಿನ ನಡುವೆ ನಿಂತಿದ್ದ. ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ಅವಳಿಗೆ ಪೂರ್ತಿ ಲೈಸೆನ್ಸ್ ಬಂದೈತೆ. ಪಕ್ಕದಲ್ಲಿ ಯಾರೂ ಕೂರೋ ಹಂಗಿಲ್ಲ."

ಹಾಗೇನೂ ಕಾನೂನಿಲ್ಲ. ಪಕ್ಕದಲ್ಲಿ ಕೂರಲೇಬೇಕೆಂದಿಲ್ಲ, ಅಷ್ಟೇ. ಅದು ಅವನಿಗೂ ಗೊತ್ತಿತ್ತು. "ಅಪ್ಪಾ, ಬಾ" ಎಂದು ಕೂಗಿದೆ. ವಾಲಗದವರು ಜೋರಾಗಿ ಬಾರಿಸುತ್ತಿದ್ದರು. ರಾಹುಕಾಲ ಹತ್ತಿರ ಬಂತು, ಹೊರಡಿ ಹೊರಡಿ ಎಂದು ಯಾರೋ ಬಾನೆಟ್ ತಟ್ಟಿದರು. ಕನ್ನಡಿಯಲ್ಲಿ ನೋಡಿದೆ. ಹೆಣ್ಣಿನ ಕಡೆಯವರಿಗೆಂದು ಮಾಡಿದ್ದ ಬಸ್ಸಿನ ಬಾಗಿಲಲ್ಲಿ ಅಪ್ಪ ಒಬ್ಬನೇ ನಿಂತು, ಮೆಟ್ಟಿಲು ಎಲ್ಲಿದೆ ಎಂದು ಕಾಲಿನಲ್ಲಿ ಹುಡುಕುತ್ತಿದ್ದ. ಒಂದು ಸಲ ಸಿಗಲಿಲ್ಲ. ಮತ್ತೆ ಕಾಲು ಎತ್ತಿದ. ಹಿಂದಿನ ಸೀಟಿನಲ್ಲಿ ಹುಡುಗಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನಾನು ಒಂದಕ್ಕೆ ಗೇರ್ ಹಾಕಿ, ಅವನು ಹೇಳಿಕೊಟ್ಟ ಹಾಗೆ ಕ್ಲಚ್ ನಿಧಾನವಾಗಿ ಬಿಟ್ಟೆ. ಗಾಡಿ ಒಂದಿಷ್ಟೂ ಕುಲುಕದೆ ಮುಂದಕ್ಕೆ ಹೋಯಿತು.